ಮುದುಕ ತುಂಡಾದ ಮಂಗಳವಾರ

ಉಕ್ಕಿನ ಚೂರನ್ನು ಉಪ್ಪುಕಾಗದದ ಮೇಲೆ ಒಂದೇ ದಿಕ್ಕಿಗೆ ಉಜ್ಜಬೇಕು. ಗೀರುಗಳೆಲ್ಲ ಒಂದೇ ಕಡೆ ಮಲಗಿದ ಮೇಲೆ ಚೂರನ್ನು ಅಡ್ಡ ತಿರುಗಿಸಿ, ಇನ್ನೂ ನಯವಾದ ಕಾಗದದ ಮೇಲೆ, ಹಿಂದಿನ ಗೀರು ಒಂದೂ ಉಳಿಯದ ಹಾಗೆ ಮತ್ತೆ ಉಜ್ಜಬೇಕು. ಬಿಲ್ಯಾನಾ ಈ ಕೆಲಸವನ್ನು ನಿದ್ದೆಗಣ್ಣಿನಲ್ಲೂ ಮಾಡಬಲ್ಲಳು. ಆದರೆ ಇವತ್ತು ಬೆಳಗ್ಗೆಯಿಂದ ಒಂದು ಗೀರು ಹೋಗುತ್ತಲೇ ಇಲ್ಲ. ನೀರು ಬಿಟ್ಟು, ತೊಳೆದು, ಕಿಟಕಿಯ ಬೆಳಕಿಗೆ ಹಿಡಿದರೆ ಅಲ್ಲೇ ಇದೆ, ಕೂದಲೆಳೆಯಷ್ಟು. ಅಥವಾ ಇಲ್ಲವೇನೋ, ಕಣ್ಣಿಗೇ ಅಭ್ಯಾಸವಾಗಿ ಕಾಣುತ್ತಿರಬೇಕು. ಕಪ್ಪು ರಾಳದ ಬಿಲ್ಲೆಯ ನಡುವೆ ಕೂತಿದ್ದ ಆ ಚೂರು ಅವಳದಲ್ಲ. ಸೆಮಿಸಿಯದು. ಹೋದ ವಾರ ಮುರಿದುಬಿದ್ದ ಅವನ ಸರಳಿನ ತುದಿಯನ್ನು ಕತ್ತರಿಸಿ ಅವಳ ಕೈಗೆ ಕೊಟ್ಟವರು ಪ್ರೊಫೆಸರ್ ರೋಸ್ಲಿನ್ ಹ್ಯಾಲಂ. "ಕಾವು ಯಾವಾಗ ತಪ್ಪಿತು, ಎಷ್ಟು ಹೊತ್ತು ತಪ್ಪಿತ್ತು, ಇದನ್ನ ನೋಡಿ ಹೇಳು ಬಿಲ್ಲಿ. ಇಲ್ಲಿ ನಿನ್ನಷ್ಟು ಚೆನ್ನಾಗಿ ಇದನ್ನ ಓದೋರು ಯಾರೂ ಇಲ್ಲ" ಎಂದಿದ್ದರು. ಮೂರು ವರ್ಷದಲ್ಲಿ ಅವರು ಅವಳಿಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು. ಅದನ್ನು ಕೇಳಿ ಅವಳು ಚೂರನ್ನು ಜೇಬಿಗೆ ಹಾಕಿಕೊಂಡು ಬೇಗ ಹೊರಟುಬಂದಿದ್ದಳು.

ಆ ಸರಳಿಗೆ ಪ್ರಯೋಗಾಲಯದವರೆಲ್ಲ ಮುದುಕ ಎಂದು ಹೆಸರಿಟ್ಟಿದ್ದರು. ವಿದ್ಯುತ್ ಸ್ಥಾವರದ ಬಾಯ್ಲರಿನ ಕೊಳವೆಗೆ ಬಳಸುವ ಉಕ್ಕು. ಬೆರಳಿನಷ್ಟು ಉದ್ದದ ಸರಳು. ಅದನ್ನು ಕುಲುಮೆಯೊಳಗೆ ತೂಗುಹಾಕಿ, ಕೆಳಗೆ ಭಾರ ಕಟ್ಟಿ, ಆರುನೂರು ಡಿಗ್ರಿಯ ಕಾವಿನಲ್ಲಿ ಹಾಗೇ ಬಿಟ್ಟರೆ ಅದು ದಿನದಿಂದ ದಿನಕ್ಕೆ ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತ ಹೋಗುತ್ತದೆ. ಎಷ್ಟು ನಿಧಾನವಾಗಿ ಹೋಗುತ್ತದೆ, ಯಾವಾಗ ಸೋಲುತ್ತದೆ ಎಂದು ಕಾಯುವುದೇ ಪರೀಕ್ಷೆ. ಒಂದು ವರ್ಷಕ್ಕೂ ಮೇಲಾಗಿತ್ತು ಅದು ನೇತಾಡತೊಡಗಿ. ಬೆಳಗ್ಗೆ ಬಂದವರು "ಮುದುಕ ಹೇಗಿದ್ದಾನೆ?" ಎಂದು ಕೇಳಿದರೆ ಸೆಮಿಸಿ "ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದಾನೆ, ಸ್ವಲ್ಪ ಮೈ ಮುರಿದಿದ್ದಾನೆ" ಎನ್ನುತ್ತಿದ್ದ. ಟೋಂಗಾದಿಂದ ಬಂದ ಈ ಸೆಮಿಸಿ ಫಿಫಿತಾ ಬಾಗಿಲ ತುಂಬ ಬರುವ ಆಳು. ಹೆಂಡತಿ ಆನಾಳೊಂದಿಗೆ ಚರ್ಚಿಗೆ ಹೋಗಿ ಮಂದ್ರ ದನಿಯಲ್ಲಿ ಹಾಡುವವನು. ಅವನು ನಕ್ಕರೆ ಪಕ್ಕದ ಕೋಣೆಯ ಅಳತೆ ಯಂತ್ರದ ಮುಳ್ಳು ಅಲುಗುತ್ತದೆ ಎಂದು ತಂತ್ರಜ್ಞ ಡೆಸ್ ತಮಾಷೆ ಮಾಡುತ್ತಿದ್ದ. ಬಿಲ್ಯಾನಾ ಪಿಎಚ್‌ಡಿಗೆ ಸೇರಿ ಕೆಲವು ತಿಂಗಳಾದ ಮೇಲೆ ಅವನು ಸೇರಿದ್ದು. ಬಂದ ಹೊಸದರಲ್ಲಿ ಉಜ್ಜುವುದನ್ನು ಅವನಿಗೆ ಹೇಳಿಕೊಟ್ಟವಳು ಅವಳೇ. ಆ ದೊಡ್ಡ ಬೆರಳುಗಳಲ್ಲಿ ಬಿಲ್ಲೆ ಕಾಣೆಯಾಗಿಬಿಡುತ್ತಿತ್ತು. ಈಗ ಅವನ ಮುದುಕನ ಅಂಕಿಗಳು ಉಕ್ಕಿನ ಆಯಸ್ಸನ್ನು ಲೆಕ್ಕ ಹಾಕುವ ರೋಸ್ಲಿನ್ ಅವರ ಸೂತ್ರಕ್ಕೆ ಬೀಗಕ್ಕೆ ಕೀಲಿಯ ಹಾಗೆ ಕೂತಿದ್ದವು. ಲಿಯಾನ್ ನಗರದ ಸಮ್ಮೇಳನದಲ್ಲಿ ಮಾತಾಡುವವನು ಅವನು ಎಂದಾಗಿತ್ತು. ಅವಳ ಸಂಶೋಧನೆಯ ಬೆಸುಗೆ ತುಂಡುಗಳೋ, ಒಂದೊಂದು ಒಂದೊಂದು ಕತೆ ಹೇಳುತ್ತಿದ್ದವು.

ನೀರು ನಿಲ್ಲಿಸಿ ಬಿಲ್ಲೆಯನ್ನು ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿದಳು. ಮುದುಕ ಮುರಿದ ಆ ಮಂಗಳವಾರವೂ ಹೀಗೇ ಬಿಸಿಲಿತ್ತು. ಮೂರು ದಿನದ ರಜೆ ಮುಗಿದು ಎಲ್ಲರೂ ಬಂದ ಮೊದಲ ದಿನ. ಕ್ವೀನ್ಸ್‌ಲ್ಯಾಂಡಿನ ಸ್ಥಾವರದವರು ನೋಡಲು ಬಂದಿದ್ದರೆಂದು ಹುಲ್ಲಿನ ಮೇಲೆ ಒಲೆ ಹೂಡಿ ಸಾಸೇಜ್ ಸುಡುತ್ತಿದ್ದರು. ರೋಸ್ಲಿನ್ ಒಬ್ಬೊಬ್ಬರನ್ನೇ ಪರಿಚಯ ಮಾಡಿಸಿದರು. "ಇವನು ಸೆಮಿಸಿ. ಇವನ ಕೆಲಸ ನೋಡೋಕೇ ನೀವು ಬಂದಿರೋದು." ಆಮೇಲೆ, ಕೈಯಲ್ಲಿದ್ದ ಚಿಮಟವನ್ನು ಅವಳ ಕಡೆ ತೋರಿಸಿ, "ಇವಳು ಬಿಲ್ಲಿ. ನಮ್ಮ ಫೋಟೋಗ್ರಾಫರ್ ಅಂತಿಟ್ಕೊಳ್ಳಿ." ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕಿದ್ದು ಹೆಚ್ಚಾಯಿತೇನೋ ಎಂದು ಆಮೇಲೆ ಅನ್ನಿಸಿತು. ಬಂದವರಲ್ಲಿ ಒಬ್ಬ, ಟೋಪಿ ಹಾಕಿದವನು, "ಹಾಗಾದ್ರೆ ನಮ್ಮದೂ ಒಂದು ತೆಗಿ" ಎಂದು ತನ್ನ ಫೋನನ್ನು ಅವಳ ಕೈಗೆ ಕೊಟ್ಟೇಬಿಟ್ಟ. ತೆಗೆದುಕೊಟ್ಟಳು. ಸೆಮಿಸಿಯನ್ನು ನಡುವೆ ನಿಲ್ಲಿಸಿದಳು ಕೂಡ. ಟೊಮೆಟೊ ಸಾಸ್ ಮುಗಿದಿದೆ ಎಂದು ಯಾರೋ ಅಂದಾಗ, ತಂದುಕೊಡಿ ಎಂದು ಯಾರೂ ಹೇಳದಿದ್ದರೂ, ತಾನೇ ಎದ್ದು ಒಳಗೆ ಹೋದಳು. ಅಡುಗೆಕೋಣೆಗೆ ಹೋಗುವ ದಾರಿಯಲ್ಲೇ ಕುಲುಮೆಯ ಕೋಣೆ. ಬಾಗಿಲು ತೆರೆದಿತ್ತು. ಮುದುಕನ ಕುಲುಮೆಯ ಮೇಲೆ ಕೆಂಪು ದೀಪ ಹತ್ತಿತ್ತು. ಸದ್ದು ಮಾಡುವ ಗಂಟೆಗೆ ಡೆಸ್ ಯಾವಾಗಲೋ ಟೇಪ್ ಅಂಟಿಸಿದ್ದ, ಸುಮ್ಮಸುಮ್ಮನೆ ಕಿರುಚುತ್ತಿತ್ತೆಂದು. ಹಾಗಾಗಿ ಬರೀ ದೀಪ. ಅವಳು ನಿಂತಳು. ದೀಪದ ಕೆಳಗೆ ಅಂಕಿಯೂ ಇತ್ತು. ಒತ್ತಬೇಕಾದ ಗುಂಡಿ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಹೊರಗೆ ಸೆಮಿಸಿ ನಗುವುದು ಕೇಳಿಸುತ್ತಿತ್ತು. ನಾನು ಫೋಟೋಗ್ರಾಫರ್, ಅಂದುಕೊಂಡಳೇ? ಅಂಥದ್ದೇನೂ ಅಂದುಕೊಂಡ ನೆನಪಿಲ್ಲ. ಯಾರೋ ನೋಡಿಕೊಳ್ಳುತ್ತಾರೆ ಅಂದುಕೊಂಡಿರಬೇಕು. ಕಾಲು ಮುಂದೆ ಹೋಯಿತು. ಫ್ರಿಜ್ಜಿನಿಂದ ಸಾಸ್ ತೆಗೆದುಕೊಂಡಳು. ಬರುವಾಗ ಇನ್ನೊಂದು ಬಾಗಿಲಿನಿಂದ ಸುತ್ತಿಕೊಂಡು ಬಂದಳು. ಆ ಸುತ್ತು ಹಾಕಿದ್ದೇ ಈಗ ನಿದ್ದೆ ಕೆಡಿಸುತ್ತಿರುವುದು. ಮರೆವಾಗಿದ್ದರೆ ಬಂದ ದಾರಿಯಲ್ಲೇ ಹಿಂದೆ ಬರುತ್ತಿದ್ದಳು.

"ಇನ್ನೂ ಉಜ್ತಾನೇ ಇದ್ದೀಯಾ? ತೂತು ಬೀಳುತ್ತೆ ಮಾರಾಯ್ತಿ."

ಡೆಸ್ ಚಹಾದ ಮಗ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಈ ಒಂದು ವಾರದಲ್ಲಿ ಅವನ ಮುಖ ಇಳಿದುಹೋಗಿತ್ತು. ಸರಳು ಮುರಿದಾಗ ಎಲ್ಲರೂ ಊಟ ಮುಗಿಸಿ ಒಳಗೆ ಬರುತ್ತಿದ್ದರು. ಭಾರದ ಬಿಲ್ಲೆಗಳು ನೆಲಕ್ಕೆ ಬಿದ್ದ ಸದ್ದಿಗೆ ಓಡಿದರೆ ಕುಲುಮೆಯ ಬಾಯಿ ಕಿತ್ತಳೆ ಬಣ್ಣಕ್ಕೆ ಉರಿಯುತ್ತಿತ್ತು. ಅಂಕಿ ಬರೆದುಕೊಳ್ಳುವ ಕಂಪ್ಯೂಟರ್ ಶನಿವಾರವೇ ತನ್ನಷ್ಟಕ್ಕೆ ತಾನು ಆರಿ, ಮತ್ತೆ ಹತ್ತಿ, ಪಾಸ್‌ವರ್ಡ್ ಕೇಳುತ್ತ ಕೂತಿತ್ತು. ಹಾಗಾಗಿ ಕಾವು ಯಾವಾಗಿನಿಂದ ಏರಿತ್ತೆಂದು ಹೇಳುವವರೇ ಇಲ್ಲ. ರಜೆಯಲ್ಲಿ ದಿನಕ್ಕೊಮ್ಮೆ ಬಂದು ನೋಡುವ ಜವಾಬ್ದಾರಿ ಡೆಸ್‌ನದಾಗಿತ್ತು.

"ನಾನು ಭಾನುವಾರ ಬಂದಿದ್ದೆ" ಎಂದ ಡೆಸ್. ಈ ಮಾತನ್ನು ಅವನು ದಿನಾ ಯಾರಿಗಾದರೂ ಹೇಳುತ್ತಿದ್ದ. "ಸೋಮವಾರಾನೂ ಬಂದಿದ್ದೆ. ಎರಡು ದಿನಾನೂ ಹಿಂದಿನ ಬಾಗಿಲು ಸಂದು ಬಿಟ್ಟಿತ್ತು, ಅಲ್ಲಿಂದ ಬಂದು ಕುಲುಮೆ ಅಂಕಿ ಮಾತ್ರ ನೋಡ್ಕೊಂಡು ಹೋದೆ. ಕಾರ್ಡ್ ಒತ್ತಲಿಲ್ಲ, ಬಂದ ದಾಖಲೆ ಇಲ್ಲ. ಅದಕ್ಕೆ ಈಗ ನಾನು ಬರ್ಲೇ ಇಲ್ಲ ಅಂತಿದಾರೆ."

"ಯಾರು ಅಂದಿದ್ದು?"

"ಯಾರೂ ಅನ್ನಲ್ಲ. ಹಾಗೆ ಅಂದ್ಕೊಂಡು ನೋಡ್ತಾರೆ." ಚಹಾ ಕುಡಿದ. "ರೋಸ್ಲಿನ್ ಕೂಡ. ಒಳ್ಳೆ ಹೆಂಗಸು, ಬೈಯೋದಿಲ್ಲ. ಬೈದಿದ್ರೆ ನಾನೂ ಎರಡು ಮಾತಾಡ್ತಿದ್ದೆ. ಮಧ್ಯಾಹ್ನದ ಮೀಟಿಂಗಿಗೆ ನೀನೂ ಬಾ ಅಂದ್ರು. ನಾನು ಯಾವತ್ತು ಅವರ ಮೀಟಿಂಗಿಗೆ ಹೋಗಿದ್ದೀನಿ ಹೇಳು."

ಅವಳು ಬಿಲ್ಲೆಯನ್ನು ಮದ್ಯಸಾರದಲ್ಲಿ ತೊಳೆದು ಗಾಳಿಗೆ ಹಿಡಿದಳು. "ನೋಡ್ತೀನಿ ಡೆಸ್. ಇದರಲ್ಲಿ ಗೊತ್ತಾಗುತ್ತೆ."

"ಗೊತ್ತಾಗುತ್ತಾ?"

"ಗೊತ್ತಾಗುತ್ತೆ."

ಅವನು ತಲೆಯಾಡಿಸಿ ಹೋದ. ಅವನ ಬೆನ್ನು ಮರೆಯಾಗುವವರೆಗೆ ನೋಡುತ್ತ ನಿಂತ ಬಿಲ್ಯಾನಾಗೆ, ಅವನು ಬರದೇ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು. ಭಾನುವಾರ ಅವನು ಸರೋವರದ ದಂಡೆಯಲ್ಲಿ ಗಾಳ ಹಾಕಿಕೊಂಡು ಕೂತಿದ್ದರೆ, ಕುಲುಮೆ ಮೂರು ದಿನ ಕೆಟ್ಟು ಕೂತಿದ್ದರೆ. ಹಾಗಿದ್ದರೆ ಅವಳು ದೀಪ ನೋಡುವ ಹೊತ್ತಿಗೆ ಮುದುಕ ಸತ್ತೇಹೋಗಿದ್ದ. ಸತ್ತವನನ್ನು ದಾಟಿಕೊಂಡು ಹೋಗಿದ್ದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಅವಳ ಲೆಕ್ಕ ಸರಳವಾಗಿತ್ತು. ಉಕ್ಕಿನೊಳಗೆ ಧೂಳಿನ ಹಾಗೆ ಹರಡಿರುವ ಸಣ್ಣ ಸಣ್ಣ ಕಾರ್ಬೈಡಿನ ಚುಕ್ಕೆಗಳಿರುತ್ತವೆ. ಉಕ್ಕಿಗೆ ಕಾವಿನಲ್ಲಿ ಕಸುವು ಕೊಡುವುದು ಅವೇ. ಮೂರು ದಿನ ಹೆಚ್ಚಿನ ಕಾವಿನಲ್ಲಿ ಬೆಂದಿದ್ದರೆ ದೊಡ್ಡ ಚುಕ್ಕೆಗಳು ಸಣ್ಣವನ್ನು ನುಂಗಿ ದಪ್ಪಗಾಗಿರಬೇಕು. ಹಾಗಲ್ಲದೆ ಒಮ್ಮೆಲೇ ಏರಿ ಬೇಗ ಮುರಿದಿದ್ದರೆ ಚುಕ್ಕೆಗಳು ಹಾಗೇ ಸಣ್ಣಗಿದ್ದು, ಹಳೆಯ ಹರಳುಗಳ ಅಂಚಿನಲ್ಲಿ ಹೊಸ ಹರಳು ಆಗಷ್ಟೇ ಮೊಳೆತಿರಬೇಕು. ದಪ್ಪ ಚುಕ್ಕೆ ಕಂಡರೆ ಡೆಸ್ ತಪ್ಪಿತಸ್ಥ. ಸಣ್ಣ ಚುಕ್ಕೆ ಕಂಡರೆ ಅವಳು. ಆಸಿಡ್ಡಿನಲ್ಲಿ ಅದ್ದಿದಾಗ ಕನ್ನಡಿಯಂತಿದ್ದ ಚೂರಿನ ಮುಖ ಮಂಕಾಯಿತು. ದಪ್ಪ ಚುಕ್ಕೆ ಸಿಗಲಿ ಎಂದು ಅವಳು ಬಯಸಿದಳು. ಬಯಸುತ್ತಿದ್ದೇನೆ ಎಂದು ಗೊತ್ತಿದ್ದೂ ಬಯಸಿದಳು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೋಣೆಯಲ್ಲಿ ಯಾವಾಗಲೂ ಚಳಿ. ಅವಳು ಅಮ್ಮ ಹೆಣೆದ ಸ್ವೆಟರ್ ಹಾಕಿಕೊಂಡು ಪರದೆಯ ಮುಂದೆ ಕೂತಳು. ಮೊದಲು ಬೂದು ಮಂಜು. ಗುಂಡಿ ತಿರುಗಿಸುತ್ತ ಹೋದಂತೆ ಮಂಜು ಹರಿದು ನೆಲ ಕಂಡಿತು. ಹಳೆಯ ಹರಳುಗಳ ಎಲ್ಲೆಗಳು ಹೊಲದ ಬದುಗಳ ಹಾಗೆ ಹಾಯ್ದುಹೋಗಿದ್ದವು. ಬದುವಿನ ಮೂಲೆಗಳಲ್ಲಿ ಹೊಸದಾಗಿ ಹುಟ್ಟಿದ ತಿಳಿಯಾದ ತೇಪೆಗಳು, ಚಿಕ್ಕವು, ಅಲ್ಲೊಂದು ಇಲ್ಲೊಂದು. ಚುಕ್ಕೆಗಳು ಸಣ್ಣಗಿದ್ದವು. ಅವಳು ಜಾಗ ಬದಲಿಸಿದಳು. ಅಲ್ಲೂ ಸಣ್ಣಗಿದ್ದವು. ಮುರಿದ ತುದಿಯ ಹತ್ತಿರಕ್ಕೆ ಹೋದರೆ ಮಾತ್ರ, ಕೊನೆಯ ಗಳಿಗೆಯಲ್ಲಿ ಹಿಗ್ಗಿ ಹರಿದ ಕಡೆ, ಎಲ್ಲ ಕಲಸಿಹೋಗಿ ಚುಕ್ಕೆಗಳು ದಪ್ಪಗೆ ಕಾಣುತ್ತಿದ್ದವು. ಅಲ್ಲಿಂದಲೇ ಹತ್ತು ಚಿತ್ರ ತೆಗೆದುಕೊಂಡು ಹೋದರೆ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ಇಲ್ಲಿ ನಿನ್ನಷ್ಟು ಚೆನ್ನಾಗಿ ಓದೋರು ಯಾರೂ ಇಲ್ಲ. ಅಲ್ಲೇ ಕೈ ನಿಲ್ಲಿಸಿ ಕೂತಳು. ಚಿಕ್ಕಂದಿನಲ್ಲಿ, ತಮ್ಮ ಮ್ಯಾಸಿಡೋನಿಯದವರ ಸಂಘದ ಸಭಾಂಗಣದಲ್ಲಿ, ಚಿಕ್ಕಪ್ಪನ ಮಗಳು ಲೆನ್ಚೆ ಕುಣಿಯಲು ಏಳುವ ಮುಂಚೆ ಅವಳ ಲಂಗದ ಅಂಚು ಮಡಚುವ ಕುರ್ಚಿಯ ಸಂದಿಗೆ ಸಿಕ್ಕಿಕೊಂಡಿದ್ದನ್ನು ಬಿಲ್ಯಾನಾ ನೋಡಿದ್ದಳು. ಲೆನ್ಚೆಯ ಲಂಗ ಹೊಸದು, ತಾಯ್ನಾಡಿನ ಸ್ಕೋಪಿಯೆಯಿಂದ ತರಿಸಿದ್ದು. ಹೇಳಬಹುದಿತ್ತು. ಡೋಲು ಶುರುವಾಯಿತು, ಲೆನ್ಚೆ ಎದ್ದಳು, ಪರ್ರೆಂದು ಹರಿಯಿತು. ಎಲ್ಲರೂ ಅಯ್ಯೋ ಎಂದಾಗ ಬಿಲ್ಯಾನಾನೂ ಅಯ್ಯೋ ಎಂದಿದ್ದಳು. ಆಮೇಲೆ ಅಮ್ಮನಿಂದ ಸೂಜಿದಾರ ತಂದುಕೊಟ್ಟವಳೂ ಅವಳೇ. ಎಷ್ಟು ಒಳ್ಳೆ ಹುಡುಗಿ ಎಂದು ಚಿಕ್ಕಮ್ಮ ಕೆನ್ನೆ ಸವರಿದ್ದಳು. ಪರದೆಯ ಮೇಲಿನ ಚುಕ್ಕೆಗಳನ್ನು ನೋಡುತ್ತಿದ್ದ ಹಾಗೆಯೇ, ಒಂದು ವಾರದಿಂದ ನೆನಪಿಲ್ಲ ನೆನಪಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ ಅಂಕಿ, ಯಾರೋ ಬರೆದಿಟ್ಟಷ್ಟು ಸ್ಪಷ್ಟವಾಗಿ ನೆನಪಿಗೆ ಬಂತು: ಆರುನೂರ ನಲವತ್ತು. ಆಗಿನ್ನೂ ಏರಲು ತೊಡಗಿತ್ತಷ್ಟೆ. ಆ ಕಾವಿನಲ್ಲಿ ಉಕ್ಕಿಗೆ ಏನೂ ಆಗಿರುವುದಿಲ್ಲ. ಅವಳು ತುದಿಯಿಂದ ದೂರ ಸರಿದು, ಸರಿಯಾದ ಜಾಗಗಳಲ್ಲಿ, ಎಂದಿನ ಕ್ರಮದಲ್ಲಿ ಚಿತ್ರಗಳನ್ನು ತೆಗೆದಳು. ಚೆನ್ನಾಗಿ ಬಂದವು. ಈ ಮೂರು ವರ್ಷದಲ್ಲಿ ಅಷ್ಟು ಚೆನ್ನಾಗಿ ಯಾವುವೂ ಬಂದಿರಲಿಲ್ಲ.

ಮಧ್ಯಾಹ್ನ ಸೆಮಿಸಿ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದ. ಬೆಳ್ಳಿಕಾಗದ ಬಿಚ್ಚಿದ್ದ, ಒಳಗೆ ಕೆಸುವಿನ ಎಲೆಯಲ್ಲಿ ಸುತ್ತಿ ತೆಂಗಿನಹಾಲಿನಲ್ಲಿ ಬೇಯಿಸಿದ ಮಾಂಸ. ಅವಳನ್ನು ಕಂಡು ಸರಿದು ಜಾಗ ಮಾಡಿದ. ಅರ್ಧ ಮುರಿದು ಕೊಟ್ಟ; ಬೇಡ ಎನ್ನಲು ಅವನು ಯಾವತ್ತೂ ಬಿಡುತ್ತಿರಲಿಲ್ಲ.

"ಏನಂತಾನೆ ಮುದುಕ?" ಎಂದು ಕೇಳಿದ. ಆ ಹೆಸರನ್ನು ಒಂದು ವಾರದಿಂದ ಯಾರೂ ಆಡಿರಲಿಲ್ಲ.

"ಮಂಗಳವಾರವೇ ಆಗಿದ್ದು. ಕಾವು ಹತೋಟಿಯಲ್ಲಿಡೋ ಸ್ವಿಚ್ ಅಂಟಿಕೊಂಡು ಒಮ್ಮೆಲೇ ಏರಿದೆ. ಅದಕ್ಕೆ ಮುಂಚೆ ಎಲ್ಲ ಸರಿಯಾಗಿತ್ತು."

"ಡೆಸ್ ಸುಳ್ಳು ಹೇಳ್ತಿಲ್ಲ ಹಾಗಾದ್ರೆ."

"ಇಲ್ಲ."

"ನಂಗೆ ಗೊತ್ತಿತ್ತು" ಎಂದ ಸೆಮಿಸಿ, ನಿಜವಾಗಿ ಸಮಾಧಾನಪಟ್ಟುಕೊಂಡು. ಬೆರಳು ನೆಕ್ಕಿಕೊಂಡ. ಅವಳ ಕೈಯಲ್ಲಿದ್ದ ತುತ್ತು ಅಲ್ಲೇ ಇತ್ತು.

"ಆವತ್ತು ನಾನು ಸಾಸ್ ತರೋಕೆ ಒಳಗೆ ಹೋಗಿದ್ದೆ, ಸೆಮಿಸಿ."

"ಹೂಂ. ಅದನ್ನ ಖಾಲಿ ಮಾಡಿದ್ದು ನಾನೇ."

"ದೀಪ ಹತ್ತಿತ್ತು. ನೋಡಿದೆ."

"ಯಾವ ದೀಪ?"

"ಮುದುಕನ ಕುಲುಮೆದು. ಕೆಂಪು ದೀಪ."

ಅವನು ಅಗಿಯುವುದನ್ನು ನಿಲ್ಲಿಸಲಿಲ್ಲ. ಅಗಿದು, ನುಂಗಿ, ನೀರು ಕುಡಿದು, ಬಾಟಲಿಯ ಮುಚ್ಚಳ ತಿರುಗಿಸಿದ. "ಕಾವು ಎಷ್ಟಿತ್ತು?"

"ಆರುನೂರ ನಲವತ್ತು."

ಅವನ ಕಣ್ಣು ಲೆಕ್ಕ ಹಾಕುವಾಗ ಹೋಗುವ ಕಡೆಗೆ, ಮೇಲಕ್ಕೆ ಹೋಯಿತು. "ಆಗ ಆರಿಸಿದ್ರೆ ಏನೂ ಆಗ್ತಿರಲಿಲ್ಲ."

"ಇಲ್ಲ."

"ಯಾರಾದ್ರೂ ಕರೆದ್ರಾ? ಮರೆತುಹೋಯ್ತಾ?"

ಅವನು ಕೈಗೆ ಕೊಡುತ್ತಿದ್ದ ನೆಪಗಳನ್ನು ತೆಗೆದುಕೊಳ್ಳುವುದು ಎಷ್ಟು ಸುಲಭವಾಗಿತ್ತು. "ಇಲ್ಲ" ಎಂದಳು.

"ಮತ್ತೆ?"

"ಗೊತ್ತಿಲ್ಲ."

ಗೊತ್ತಿತ್ತು. ಅವನು ಬೆಳ್ಳಿಕಾಗದವನ್ನು ಮಡಚಿದ, ಇನ್ನೊಮ್ಮೆ ಮಡಚಿದ, ಕೊನೆಗೆ ಅಂಗೈಯಲ್ಲಿ ಉಂಡೆ ಮಾಡಿದ. ಕೂಗಾಡುತ್ತಾನೆ ಎಂದು ಅವಳು ಕಾಯುತ್ತಿದ್ದಳು. ಕೂಗಾಡಿದ್ದರೆ ಚೆನ್ನಾಗಿತ್ತು.

"ನನಗೆ ಯಾಕೆ ಹೇಳಿದೆ?"

"ನಿನಗೆ ಗೊತ್ತಿರಬೇಕಲ್ಲ ಅಂತ."

"ಗೊತ್ತಾಯ್ತು. ಈಗ ನಾನೇನು ಮಾಡ್ಲಿ ಇದನ್ನ? ಮನೆಗೆ ಹೋಗಿ ಆನಾಗೆ ಹೇಳ್ಲಾ? ಅವಳು ರಾತ್ರಿ ಪಾಳಿ ಮುಗಿಸಿ ಬಂದು ಪ್ರಾರ್ಥನೆ ಮಾಡುವಾಗ ನಿನ್ನ ಹೆಸರೂ ಹೇಳ್ತಾಳೆ. ಬಿಲ್ಲಿ ಪಾಪ ಕಷ್ಟಪಡ್ತಿದಾಳೆ, ಅವಳ ಥೀಸಿಸ್ಸೂ ಮುಗೀಲಿ ಅಂತ." ಉಂಡೆಯನ್ನು ಜೇಬಿಗೆ ಹಾಕಿಕೊಂಡ. "ನಾನು ಹೇಳಿದ್ದೆ ಅವಳಿಗೆ, ನೀನು ಕಷ್ಟಪಡ್ತಿದೀಯಾ ಅಂತ."

ಬಸ್ಸೊಂದು ಬಂದು ಹುಡುಗ ಹುಡುಗಿಯರನ್ನು ಇಳಿಸಿ ಹೋಯಿತು. ಅವರು ಮೆಟ್ಟಿಲೇರುವಾಗ ಇಬ್ಬರೂ ಕಾಲು ಹಿಂದಕ್ಕೆ ತೆಗೆದುಕೊಂಡರು.

"ಸರಿ, ಕೇಳು" ಎಂದ ಸೆಮಿಸಿ, ದನಿ ಇಳಿಸಿ. "ನನ್ನ ವಿದ್ಯಾರ್ಥಿವೇತನ ಜುಲೈಗೆ ಮುಗಿಯುತ್ತೆ. ಯಂತ್ರ ಕೆಟ್ಟು ಹೋಗಿದ್ದು ಅಂತಾದ್ರೆ ಮುಂದುವರಿಸ್ತಾರೆ, ರೋಸ್ಲಿನ್ ಕೇಳಿಯಾಗಿದೆ. ಒಬ್ಬರು ನೋಡಿಯೂ ಬಿಟ್ಟುಬಿಟ್ರು ಅಂತಾದ್ರೆ ಅದು ವಿಚಾರಣೆ. ಸಮಿತಿ, ಹೇಳಿಕೆ, ಮಣ್ಣು ಮಸಿ. ಅದು ಮುಗಿಯೋವರೆಗೂ ನನ್ನ ವೀಸಾಗೆ ಯಾರೂ ಸಹಿ ಹಾಕಲ್ಲ. ಸ್ವಿಚ್ ಅಂಟಿಕೊಂಡಿತ್ತು. ಅದು ನಿಜ ತಾನೇ?"

"ನಿಜ."

"ಅಷ್ಟು ಹೇಳು. ಡೆಸ್ ತಪ್ಪಿಲ್ಲ ಅಂತ ಹೇಳು. ಅಲ್ಲಿಗೆ ನಿಲ್ಲಿಸು. ನಿನ್ನ ದೀಪದ ವಿಷಯ ನಿನ್ನ ಹತ್ತಿರ ಇರ್ಲಿ."

"ಆಯ್ತು" ಎಂದಳು. ಇದಕ್ಕಿಂತ ಸುಲಭದ ಶಿಕ್ಷೆ ಇನ್ನೇನಿದೆ ಎಂದು ಆ ಕ್ಷಣಕ್ಕೆ ಅನ್ನಿಸಿತು. ಅವನು ಎದ್ದು ಪ್ಯಾಂಟಿನ ಧೂಳು ಕೊಡವಿದ. ಕೈಯಲ್ಲೇ ಉಳಿದಿದ್ದ ತುತ್ತನ್ನು ಅವಳು ಅವನೆದುರಿಗೇ ತಿಂದಳು, ಬಿಸಾಡಲು ಧೈರ್ಯವಾಗಲಿಲ್ಲ.

ಮೀಟಿಂಗಿನಲ್ಲಿ ಡೆಸ್ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಎದ್ದು ಹೋಗಲು ಸಿದ್ಧನಾದವನ ಹಾಗೆ ಕೂತಿದ್ದ. ಬಿಲ್ಯಾನಾ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸುತ್ತ ಹೋದಳು. ಚುಕ್ಕೆಗಳು ಸಣ್ಣಗಿವೆ, ಹೊಸ ಹರಳು ಈಗಷ್ಟೇ ಮೊಳೆತಿದೆ, ಆದ್ದರಿಂದ ರಜೆಯ ದಿನಗಳಲ್ಲಿ ಕುಲುಮೆ ಸರಿಯಾಗಿಯೇ ಇತ್ತು. ಮಂಗಳವಾರ ಮಧ್ಯಾಹ್ನ ಸ್ವಿಚ್ ಅಂಟಿಕೊಂಡು ಕಾವು ಒಮ್ಮೆಲೇ ಏರಿದೆ. ಡೆಸ್ ಎರಡು ಕೈಗಳಿಂದಲೂ ಮುಖ ಉಜ್ಜಿಕೊಂಡ. ರೋಸ್ಲಿನ್ ಅವನ ಕಡೆ ತಿರುಗಿ, "ಡೆಸ್, ನನ್ನದು ತಪ್ಪಾಯ್ತು. ನಿನ್ನ ಮಾತು ನಂಬಬೇಕಿತ್ತು" ಎಂದರು. "ಅಯ್ಯೋ, ಬಿಡಿ ಬಿಡಿ" ಎಂದ ಡೆಸ್. ಅವನ ಕಿವಿ ಕೆಂಪಾಗಿತ್ತು. ಅಲ್ಲಿಗೆ ಮುಗಿಯಬೇಕಿತ್ತು. ಸೆಮಿಸಿ ಪೆನ್ನಿನ ಮುಚ್ಚಳ ಹಾಕಿದ್ದ. ಆದರೆ ರೋಸ್ಲಿನ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಮೂರನೆಯ ಚಿತ್ರವನ್ನು ಮತ್ತೆ ತೋರಿಸಲು ಹೇಳಿದರು.

"ಇದು ಬಹಳ ಚೆನ್ನಾಗಿದೆ ಬಿಲ್ಲಿ. ಇಷ್ಟು ಹೊತ್ತು ಭಾರ ಹೊತ್ತ ಉಕ್ಕು ಒಮ್ಮೆಲೇ ಕಾದರೆ ಒಳಗೆ ಏನಾಗುತ್ತೆ ಅಂತ ಯಾರೂ ಇಷ್ಟು ಸ್ಪಷ್ಟವಾಗಿ ತೋರಿಸಿಲ್ಲ. ಬೇಕು ಅಂತ ಮಾಡಿದ್ರೂ ಹೀಗೆ ಸಿಕ್ತಿರಲಿಲ್ಲ. ನೀನು ಇದನ್ನ ಬರಿ. ನಿನ್ನ ಹೆಸರು ಮೊದಲು, ಸೆಮಿಸಿದು ಆಮೇಲೆ. ಸರಳು ಮುರಿದ ಮೇಲೆ ಲಿಯಾನಿನಲ್ಲಿ ಮಾತಾಡೋ ಜಾಗ ಹೇಗೂ ಖಾಲಿ ಇದೆಯಲ್ಲ, ನೀನೇ ಹೋಗು. ಸೆಮಿಸಿ, ನಿನ್ನ ಅಡ್ಡಿ ಇಲ್ವಲ್ಲ?"

"ಇಲ್ಲ" ಎಂದ ಸೆಮಿಸಿ.

ಯಾರೋ ಮೆಲ್ಲಗೆ ಮೇಜು ತಟ್ಟಿದರು, ಅದು ಚಪ್ಪಾಳೆ. ಬಿಲ್ಯಾನಾ ಗೋಡೆಯ ಮೇಲಿದ್ದ ಬೂದುಬಣ್ಣದ ಹೊಲಗಳನ್ನು ನೋಡುತ್ತ ನಿಂತಿದ್ದಳು. ಮೂರು ವರ್ಷ ಬೇಡಿಕೊಂಡದ್ದು ತಟ್ಟೆಯಲ್ಲಿ ಬಂದು ಮುಂದೆ ಕೂತಿತ್ತು. ಥ್ಯಾಂಕ್ಸ್ ಎಂದು ಹೇಳಿದರೆ ಸಾಕಿತ್ತು. ಬೇಡ ಎಂದು ಹೇಳಿದ್ದರೂ ನಡೆಯುತ್ತಿತ್ತು. ನನಗೆ ಬೇರೆ ಕೆಲಸವಿದೆ, ಅವನ ಹೆಸರೇ ಮೊದಲಿರಲಿ, ಹೀಗೆ ಏನಾದರೊಂದು. ಅವೆಲ್ಲ ಅವಳಿಗೆ ಹೊಳೆದದ್ದು ಆಮೇಲೆ, ಎಷ್ಟೋ ಆಮೇಲೆ, ಬಸ್ಸಿನಲ್ಲಿ, ಹಾಸಿಗೆಯಲ್ಲಿ. ಆ ಹೊತ್ತಿಗೆ ಬಾಯಲ್ಲಿದ್ದದ್ದು ಒಂದೇ ಮಾತು.

"ನಾನು ದೀಪ ನೋಡಿದ್ದೆ" ಎಂದಳು. "ಮಂಗಳವಾರ. ಸಾಸ್ ತರೋಕೆ ಬಂದಾಗ. ಆಗ ಆರುನೂರ ನಲವತ್ತಿತ್ತು. ಆರಿಸಲಿಲ್ಲ."

ಸೆಮಿಸಿ ಕಣ್ಣು ಮುಚ್ಚಿಕೊಂಡ. ರೋಸ್ಲಿನ್ ಕನ್ನಡಕ ತೆಗೆದರು. ಅವರಿಗೆ ಮೊದಲು ಅರ್ಥವೇ ಆಗಲಿಲ್ಲ, ಇನ್ನೊಮ್ಮೆ ಹೇಳಿಸಿದರು. ಆಮೇಲೆ, ಬಯ್ಯುವ ದನಿಯಲ್ಲಲ್ಲ, ಪಾಠದಲ್ಲಿ ಅನುಮಾನ ಕೇಳುವವರ ದನಿಯಲ್ಲಿ, "ಯಾಕೆ?" ಎಂದರು.

"ಅದು ಸೆಮಿಸಿದು ಅಂತ."

ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಡೆಸ್ ತನ್ನ ಖಾಲಿ ಮಗ್ಗಿನೊಳಗೆ ನೋಡುತ್ತಿದ್ದ. ರೋಸ್ಲಿನ್ ಕನ್ನಡಕ ಹಾಕಿಕೊಂಡರು. "ಇದನ್ನ ನಾನು ಕೇಳಿಸಿಕೊಂಡಾಯ್ತು" ಎಂದರು. "ಇನ್ನು ಕೇಳಿಸಿಕೊಂಡಿಲ್ಲ ಅನ್ನೋಕಾಗಲ್ಲ. ಮೇಲಕ್ಕೆ ಹೇಳಲೇಬೇಕು." ಹೇಳುವಾಗ ಅವರು ನೋಡಿದ್ದು ಸೆಮಿಸಿಯ ಕಡೆಗೆ.

ಹೊರಗೆ ಮೊಗಸಾಲೆಯಲ್ಲಿ ಸೆಮಿಸಿ ಅವಳಿಗಾಗಿ ಕಾದಿದ್ದ. ಎಲ್ಲರೂ ದಾಟಿ ಹೋಗಲು ಬಿಟ್ಟು ಹತ್ತಿರ ಬಂದ.

"ಒಂದೇ ಒಂದು ಕೇಳಿದ್ದೆ ನಿನ್ನನ್ನ."

"ಹೌದು."

"ಮಂಗಳವಾರ ನಿನಗೆ ಬಾಯಿ ಬಿಡೋಕಾಗಲಿಲ್ಲ. ಇವತ್ತು ಮುಚ್ಚಿಕೊಂಡಿರೋಕಾಗಲಿಲ್ಲ. ಎರಡು ಸಲಾನೂ ನಿನಗೆ ಹೇಗೆ ಬೇಕೋ ಹಾಗೇ ಆಯ್ತು, ಅಲ್ವಾ?" ಅವನ ದನಿ ಎತ್ತರವಾಗಲಿಲ್ಲ. "ಈಗ ಹಗುರಾಗಿರಬೇಕು ನಿನಗೆ."

ಹಗುರಾಗಿತ್ತು. ಅದನ್ನು ಅವಳು ಅವನಿಗೆ ಹೇಳಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ, ಬಸ್ಸು ಉಕ್ಕಿನ ಕಾರ್ಖಾನೆಯ ಬೇಲಿಯ ಪಕ್ಕ ತಿರುಗುವಾಗ, ಹಸಿವಾಗುತ್ತಿದೆ ಎಂದು ಅವಳಿಗೆ ತಿಳಿಯಿತು. ಆ ರಾತ್ರಿ ಅಮ್ಮ ಮಾಡಿದ ಪಾಲಕ್ ಸೊಪ್ಪಿನ ಪದರ ರೊಟ್ಟಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ತಿನ್ನುತ್ತಲೇ ಅಸಹ್ಯವಾಯಿತು, ಆದರೂ ತಿಂದಳು.

ವಿಚಾರಣೆ ಅವನು ಹೇಳಿದ ಹಾಗೇ ಆಯಿತು. ಹೇಳಿಕೆ ಬರೆಸಿಕೊಂಡರು, ಹೇಳಿಕೆಯ ಮೇಲೆ ಹೇಳಿಕೆ ಕೇಳಿದರು. ಅಷ್ಟರಲ್ಲಿ ಬೇಸಗೆ ಕಳೆದು ಬೆಟ್ಟದ ಅಂಚಿನಿಂದ ತಣ್ಣನೆಯ ಗಾಳಿ ಇಳಿಯತೊಡಗಿತ್ತು. ಅವಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಕುಲುಮೆಯ ಕೋಣೆಯ ಕೀಲಿಯನ್ನು ಹಿಂದಕ್ಕೆ ತೆಗೆದುಕೊಂಡರು. ಆ ಚಿತ್ರಗಳನ್ನು ಯಾರೂ ಯಾರ ಹೆಸರಿನಲ್ಲೂ ಅಚ್ಚು ಹಾಕಲಿಲ್ಲ. ಲಿಯಾನಿಗೆ ರೋಸ್ಲಿನ್ ಒಬ್ಬರೇ ಹೋಗಿ ಬಂದರು. ಸೆಮಿಸಿಯ ವೀಸಾ ಕೊನೆಯ ವಾರದ ತನಕ ತೂಗಿ, ಕೊನೆಗೆ ಒಂದು ವರ್ಷಕ್ಕೆ ಸಿಕ್ಕಿತು. ಅಷ್ಟು ತಿಂಗಳು ಅವನು ಶನಿವಾರಗಳಲ್ಲಿ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದನೆಂದೂ, ಆನಾ ಇನ್ನೊಂದು ಪಾಳಿ ಹಿಡಿದಿದ್ದಳೆಂದೂ ಅವಳಿಗೆ ಡೆಸ್‌ನಿಂದ ತಿಳಿಯಿತು. ಸೆಮಿಸಿ ಎದುರಾದರೆ ತಲೆಯಾಡಿಸುತ್ತಿದ್ದ. ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟಿದ್ದ. ಅವಳು ಅಲ್ಲಿ ಕೂರುತ್ತಾಳೆಂದು ಬಿಟ್ಟನೋ, ಚಳಿಗೆ ಬಿಟ್ಟನೋ ಅವಳು ಕೇಳುವ ಹಾಗಿರಲಿಲ್ಲ.

ಜುಲೈಯ ಒಂದು ಸಂಜೆ ಅವಳು ತನ್ನ ಮೇಜಿನಲ್ಲಿ ಥೀಸಿಸ್ಸಿನ ಪುಟ ತಿದ್ದುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತ. ಬಾಗಿಲು ತುಂಬಿಹೋಯಿತು.

"ಡೆಸ್ ಇಲ್ಲ ಇವತ್ತು, ಹಲ್ಲು ಕೀಳಿಸೋಕೆ ಹೋಗಿದಾನೆ" ಎಂದ. "ಹೊಸ ಸರಳು ಹಾಕ್ಬೇಕು. ಇನ್ನೊಂದು ಜೊತೆ ಕೈ ಬೇಕು."

ಅವಳು ಎದ್ದಳು. ನನಗೆ ಆ ಕೋಣೆಗೆ ಹೋಗಲು ಅನುಮತಿ ಇಲ್ಲ ಎಂದು ಹೇಳಬೇಕೆಂದುಕೊಂಡಳು. ಅವನೇ ಕೀಲಿ ತೆಗೆದು ಒಳಗೆ ಹೋದ, ಅವಳು ಹಿಂದೆ ಹೋದಳು. ತಣ್ಣಗಿದ್ದ ಕುಲುಮೆಯನ್ನು ಬದಿಗೆ ಸರಿಸಿದ್ದ. ಮೇಲಿನ ಹಿಡಿಕೆಗೆ ಸರಳನ್ನು ಸೇರಿಸಿ, ಅದರ ತುದಿಗೆ ಕೆಳಗಿನ ಉದ್ದನೆಯ ಕಂಬಿಯನ್ನು ಕೂಡಿಸುವಾಗ, ಆ ಕಂಬಿಯ ಭಾರವೆಲ್ಲ ಸರಳಿನ ಮೇಲೆ ಓರೆಯಾಗಿ ಬೀಳದ ಹಾಗೆ ಒಬ್ಬರು ಅದನ್ನು ನೆಟ್ಟಗೆ ಎತ್ತಿ ಹಿಡಿದಿರಬೇಕು. ಸ್ವಲ್ಪ ವಾಲಿದರೂ ಸರಳು ಬಾಗುತ್ತದೆ. ಬಾಗಿದರೆ ಪರೀಕ್ಷೆ ಶುರುವಾಗುವ ಮುಂಚೆಯೇ ಹಾಳು. ಅವನು ಮಂಡಿಯೂರಿ ಕೂತು ತಿರುಪು ತೆಗೆದುಕೊಂಡ. ಅವಳು ಎರಡು ಕೈಯಿಂದ ಕಂಬಿ ಹಿಡಿದಳು. ಅವಳು ಅಂದುಕೊಂಡಿದ್ದಕ್ಕಿಂತ ಭಾರವಿತ್ತು.

"ಅಲ್ಲಾಡಿಸಬೇಡ."

"ಇಲ್ಲ."

ಅವನು ಬಿಗಿ ಮಾಡುತ್ತ ಹೋದ, ಅವಸರವಿಲ್ಲದೆ, ಒಂದು ಸುತ್ತಿಗೆ ಒಮ್ಮೆ ನಿಲ್ಲಿಸಿ ಅಳತೆ ನೋಡುತ್ತ. ಅವನ ಬೋಳುನೆತ್ತಿಯ ಅಂಚಿನಲ್ಲಿ ನರೆಗೂದಲು ಬಂದಿದ್ದು ಅವಳಿಗೆ ಮೇಲಿನಿಂದ ಕಾಣಿಸಿತು. ಹೊರಗೆ ಯಾರೋ ದೀಪಗಳನ್ನು ಆರಿಸುತ್ತ ಹೋಗುತ್ತಿದ್ದರು. ಅವಳ ಹೆಗಲು ಸೋಲತೊಡಗಿತು, ಆಮೇಲೆ ಮೊಣಕೈ. ಅವಳು ಉಸಿರು ಬಿಗಿಹಿಡಿದು ಕಾಲನ್ನು ಅಗಲವಾಗಿ ಊರಿಕೊಂಡಳು.

"ಆಯ್ತಾ?" ಎಂದು ಕೇಳಿದಳು.

"ಇನ್ನೂ ಸ್ವಲ್ಪ" ಎಂದ ಸೆಮಿಸಿ, ತಲೆಯೆತ್ತದೆ.

ಅವಳು ಹಿಡಿದುಕೊಂಡಳು.